ಹಾಡಿಗೆ ಸೋಲಾರ್ ಬಂದರೆ ಕರೆಂಟಿನ ಕಂಬ ಬರುವುದಿಲ್ಲವೇ?

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಜೇನುಕುರುಬ ಹಾಡಿಯವಳು (ಹಾಡಿ ಎಂದರೆ ನಮ್ಮ ಬುಡಕಟ್ಟಿನ ಜನವಸತಿ). ಪದವಿ ಮುಗಿಸಿ ಈಗ ಹಾಡಿಯಲ್ಲೇ ಇದ್ದೇನೆ. ನಮ್ಮಲ್ಲಿ 38 ಮನೆಗಳಿವೆ, ಒಂದಕ್ಕೂ ಕರೆಂಟ್ ಇಲ್ಲ. ಎಂಟು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಮನೆಗೊಂದರಂತೆ ಸೋಲಾರ್ ದೀಪ ಕೊಟ್ಟಿದ್ದರು. ಎರಡು ವರ್ಷ ಉರಿದು ಒಂದೊಂದಾಗಿ ಆರಿಹೋದವು. ಈಗ ಪಿಎಂ-ಜನ್‌ಮನ್ ಯೋಜನೆಯಲ್ಲಿ ಪ್ರತಿ ಮನೆಗೂ ಸೋಲಾರ್ ಸಿಗುತ್ತದೆ ಎಂದು ಹೇಳಿ ಪಟ್ಟಿ ಬರೆದುಕೊಂಡು ಹೋಗಿದ್ದಾರೆ. ಹಿರಿಯರಿಗೆ ಹೆದರಿಕೆ. ಸೋಲಾರ್ ತೆಗೆದುಕೊಂಡರೆ ಕಂಬ ಎಂದಿಗೂ ಬರುವುದಿಲ್ಲ ಎನ್ನುತ್ತಾರೆ. ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಅರಣ್ಯ ಹಕ್ಕಿನ ಅರ್ಜಿ ಬಿದ್ದುಹೋಗುತ್ತದೆ, ಕಾಡು ಬಿಡಲು ಒಪ್ಪಿದಂತಾಗುತ್ತದೆ ಎನ್ನುತ್ತಾರೆ. ಹೇಗಿದ್ದರೂ ಎರಡು ವರ್ಷಕ್ಕೆ ಕೆಡುವ ವಸ್ತು ಎಂದೂ ಹೇಳುತ್ತಾರೆ. ಇದರ ನಡುವೆ ಒಬ್ಬರು ಬಂದು, ನಿಮ್ಮ ಸಮುದಾಯದ ಜಾಗದಲ್ಲಿ ಸೋಲಾರ್ ಪ್ಲಾಂಟ್ ಹಾಕುತ್ತೇವೆ, ವರ್ಷಕ್ಕಿಷ್ಟು ಬಾಡಿಗೆ ಕೊಡುತ್ತೇವೆ ಎಂದು ಹೇಳಿ ಹೋಗಿದ್ದಾರೆ. ನಾವು ಫಲಾನುಭವಿಗಳ ಪಟ್ಟಿಯಲ್ಲಿ ಬರೀ ಹೆಸರಾಗಿ ಉಳಿಯಬೇಕೇ, ಅಥವಾ ಈ ಕೆಲಸದಲ್ಲಿ ನಮ್ಮ ಮಾತಿಗೂ ಜಾಗವಿದೆಯೇ?

ಉತ್ತರ: ನಿಮ್ಮ ಹಿರಿಯರ ಮೂರು ಹೆದರಿಕೆಗಳಲ್ಲಿ ಹೆಬ್ಬೆಟ್ಟಿನ ವಿಷಯ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಕಂಬದ ವಿಷಯ ಅರ್ಧ ನಿಜ, ಎರಡು ವರ್ಷಕ್ಕೆ ಕೆಡುತ್ತದೆ ಎಂಬುದು ಮಾತ್ರ ಪೂರ್ತಿ ನಿಜವಾಗಬಹುದಾದ ಮಾತು. ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳ ಹಾಡಿಗಳಲ್ಲಿ ಮತ್ತು ಸೋಲಿಗರ ವಸತಿಗಳಾದ ಪೋಡುಗಳಲ್ಲಿ ಸೋಲಾರ್ ದೀಪಗಳನ್ನು ಅಳವಡಿಸುವ, ಅದಕ್ಕಿಂತ ಹೆಚ್ಚಾಗಿ ಕೆಟ್ಟವನ್ನು ಬಿಚ್ಚಿ ನೋಡುವ ಕೆಲಸವನ್ನು ಬಹಳ ವರ್ಷ ಮಾಡಿದವನಾಗಿ ನಾನು ಮೊದಲೇ ಹೇಳಬೇಕಾದದ್ದು ಇಷ್ಟು: ಈ ಸಲದ ಅನುದಾನವನ್ನು ಬೇಡವೆನ್ನಬೇಡಿ, ಆದರೆ ಪ್ಯಾನೆಲ್ ಕಂಬಕ್ಕೇರುವ ಮೊದಲೇ ಬ್ಯಾಟರಿ ಯಾರದು, ಕೆಟ್ಟರೆ ಯಾರು ಕೊಡಿಸುತ್ತಾರೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಹಾಡಿಯ ಗ್ರಾಮಸಭೆಯಲ್ಲಿ ಬರೆದು ತೀರ್ಮಾನಿಸಿಕೊಳ್ಳಿ.

ಯೋಜನೆಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಸುತ್ತೇನೆ. ಪಿಎಂ-ಜನ್‌ಮನ್ 2023ರ ನವೆಂಬರ್ 15ರಂದು, ಬಿರ್ಸಾ ಮುಂಡಾ ಜಯಂತಿಯ ದಿನ, ಜಾರ್ಖಂಡಿನ ಖೂಂಟಿಯಲ್ಲಿ ಆರಂಭವಾಯಿತು. ದೇಶದ 75 ವಿಶೇಷ ದುರ್ಬಲ ಬುಡಕಟ್ಟು ಗುಂಪುಗಳಿಗೆ, ಅಂದರೆ ಕಚೇರಿಗಳಲ್ಲಿ ಪಿವಿಟಿಜಿ ಎಂದು ಕರೆಯುವ ಸಮುದಾಯಗಳಿಗೆ ಮೀಸಲಾದ ಯೋಜನೆ ಇದು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು ಮಾತ್ರ. ಒಟ್ಟು ಮೊತ್ತ 24,104 ಕೋಟಿ ರೂಪಾಯಿ; ಅದರಲ್ಲಿ ಕೇಂದ್ರದ ಪಾಲು 15,336 ಕೋಟಿ, ರಾಜ್ಯಗಳ ಪಾಲು 8,768 ಕೋಟಿ. ಮನೆ, ರಸ್ತೆ, ನೀರು, ಅಂಗನವಾಡಿ ಮುಂತಾದ ಹನ್ನೊಂದು ಬಗೆಯ ಕೆಲಸಗಳು ಇದರಲ್ಲಿವೆ. ಸೋಲಾರ್‌ಗೆಂದು ಮೀಸಲಾದದ್ದು 515 ಕೋಟಿ: ದೇಶದಾದ್ಯಂತ ಒಂದು ಲಕ್ಷ ಮನೆಗಳಿಗೆ ಮನೆಯೊಂದಕ್ಕೆ 50,000 ರೂಪಾಯಿವರೆಗೆ, ಜೊತೆಗೆ 1,500 ಬಹೂಪಯೋಗಿ ಕೇಂದ್ರಗಳಿಗೆ ತಲಾ ಒಂದು ಲಕ್ಷ ರೂಪಾಯಿ. ಯೋಜನೆಯ ಅವಧಿ 2023-24ರಿಂದ 2025-26ರವರೆಗಿನ ಮೂರು ಹಣಕಾಸು ವರ್ಷಗಳು. ಆದ್ದರಿಂದ ನಿಮ್ಮ ಹಾಡಿಯ ಪಟ್ಟಿಗೆ ಯಾವ ವರ್ಷದ ಮಂಜೂರಾತಿ ಇದೆ, ಕೆಲಸದ ಆದೇಶ ಹೊರಟಿದೆಯೇ ಎಂಬುದನ್ನು ಬುಡಕಟ್ಟು ಅಭಿವೃದ್ಧಿ ಕಚೇರಿಯಿಂದ ಲಿಖಿತವಾಗಿ ಪಡೆಯುವುದು ನಿಮ್ಮ ಮೊದಲ ಕೆಲಸವಾಗಲಿ. ನಿಮ್ಮ ಪಕ್ಕದಲ್ಲಿ ಸೋಲಿಗರ ಪೋಡೋ ಬೆಟ್ಟಕುರುಬರ ಅಥವಾ ಯರವರ ಹಾಡಿಯೋ ಇದ್ದರೆ ಅವರಿಗೆ ಜನ್‌ಮನ್ ಅನ್ವಯಿಸುವುದಿಲ್ಲ. ಅವರು 2024ರ ಅಕ್ಟೋಬರ್ 2ರಂದು ಆರಂಭವಾದ, ಬುಡಕಟ್ಟು ಗ್ರಾಮಗಳಿಗಾಗಿ ಇರುವ ಕೇಂದ್ರದ ಧರ್ತಿ ಆಬಾ ಅಭಿಯಾನದ ಹೆಸರು ಹೇಳಿ ಕೇಳಬೇಕು. ಒಂದೇ ದಾರಿಯಲ್ಲಿ ಹೋಗುವ ಎರಡು ಹಾಡಿಗಳಿಗೆ ಎರಡು ಬೇರೆ ಯೋಜನೆಗಳಿರುವುದರಿಂದ ಜನರ ನಡುವೆ ಅನಾವಶ್ಯಕವಾದ ಅನುಮಾನ ಹುಟ್ಟುವುದನ್ನು ನಾನು ಕಂಡಿದ್ದೇನೆ, ಅದಕ್ಕಾಗಿ ಈ ಮಾತು ಹೇಳಿದೆ.

ಈ ಹಣ ನಿಮ್ಮ ಹಾಡಿಯ ಕೈಗಾಗಲಿ, ಮನೆಯವರ ಖಾತೆಗಾಗಲಿ ಬರುವುದಿಲ್ಲ. ರಾಜ್ಯ ಗೊತ್ತುಮಾಡಿದ ಅನುಷ್ಠಾನ ಸಂಸ್ಥೆ ಟೆಂಡರ್ ಕರೆದು ಗುತ್ತಿಗೆದಾರರಿಂದ ಸಾಮಗ್ರಿ ಅಳವಡಿಸುತ್ತದೆ. ‘ನಿಮ್ಮ ಐವತ್ತು ಸಾವಿರ ಬಿಡುಗಡೆ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ.

ಈಗ ಕಂಬದ ವಿಷಯ. ಸೋಲಾರ್ ಇರುವ ಮನೆಗೆ ಗ್ರಿಡ್ ಸಂಪರ್ಕ, ಅಂದರೆ ಕಂಬದ ಕರೆಂಟ್, ಕೊಡಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಪ್ರಕರಣದಂತೆ, ಮನೆಯ ಮಾಲೀಕರಾಗಲಿ ವಾಸವಿರುವವರಾಗಲಿ ಅರ್ಜಿ ಕೊಟ್ಟರೆ ಸಂಪರ್ಕ ಕೊಡುವುದು ಸರಬರಾಜು ಕಂಪನಿಯ ಕರ್ತವ್ಯ. ಹೊಸ ಲೈನ್ ಎಳೆಯಬೇಕಾದಲ್ಲಿ ಅದಕ್ಕೆ ಹೆಚ್ಚಿನ ಕಾಲಾವಕಾಶ ಇದೆಯೇ ಹೊರತು ಕರ್ತವ್ಯ ತಪ್ಪುವುದಿಲ್ಲ. ಜನ್‌ಮನ್‌ನಲ್ಲೂ ಎರಡು ದಾರಿಗಳಿವೆ: ಕಂಬ ಹಾಕಲು ಸಾಧ್ಯವಿರುವ ಕಡೆ ಇಂಧನ ಸಚಿವಾಲಯದ ಯೋಜನೆಯಲ್ಲಿ ಗ್ರಿಡ್ ಸಂಪರ್ಕ, ಸಾಧ್ಯವಿಲ್ಲದ ಕಡೆ ನವೀಕರಿಸಬಹುದಾದ ಇಂಧನ ಸಚಿವಾಲಯದ ಸೋಲಾರ್. ಅಂದರೆ ನಿಮ್ಮ ಹಾಡಿಯನ್ನು ಸೋಲಾರ್ ಪಟ್ಟಿಗೆ ಸೇರಿಸಿದ್ದಾರೆ ಎಂದರೆ, ‘ಇಲ್ಲಿಗೆ ಲೈನ್ ಎಳೆಯುವುದು ಕಾರ್ಯಸಾಧ್ಯವಲ್ಲ’ ಎಂದು ಯಾವುದೋ ಕಡತದಲ್ಲಿ ಯಾರೋ ಬರೆದಿರಬೇಕು. ಆ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಖರ್ಚಿನ ಕಾರಣಕ್ಕೆ ಹಾಗೆ ಬರೆದಿದ್ದಾರೋ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲವೆಂದೋ, ಯಾರೂ ಸ್ಥಳಕ್ಕೆ ಬಾರದೆ ಬರೆದಿದ್ದಾರೋ ಎಂಬುದು ಅದರಲ್ಲಿ ತಿಳಿಯುತ್ತದೆ, ಮತ್ತು ಈ ಮೂರಕ್ಕೂ ಮುಂದಿನ ಹೆಜ್ಜೆ ಬೇರೆಬೇರೆ.

ಹಾಗಾದರೆ ಹಿರಿಯರ ಮಾತನ್ನು ಅರ್ಧ ನಿಜ ಎಂದು ಏಕೆ ಕರೆದೆ? ಅವರು ಹಿಂದೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಒಂದು ಕಾಲಕ್ಕೆ ಕಂದಾಯ ಗ್ರಾಮದ ನೂರು ಮನೆಗಳಲ್ಲಿ ಹತ್ತಕ್ಕೆ ಮತ್ತು ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗಗಳಿಗೆ ವಿದ್ಯುತ್ ಇದ್ದರೆ ಆ ಇಡೀ ಗ್ರಾಮ ವಿದ್ಯುದೀಕರಣಗೊಂಡಿತು ಎಂದು ಲೆಕ್ಕ ಹಾಕುತ್ತಿದ್ದರು. ಕಾಗದದಲ್ಲಿ ಹಾಡಿ ಒಂದು ಗ್ರಾಮವೇ ಅಲ್ಲ, ಯಾವುದೋ ಕಂದಾಯ ಗ್ರಾಮದ ಬಾಲ. ಹೀಗಾಗಿ ಮೂರು ಕಿಲೋಮೀಟರ್ ಆಚೆಯ ಊರಲ್ಲಿ ದೀಪ ಉರಿದ ದಿನವೇ ನಿಮ್ಮ ಹಾಡಿಯ ಕತ್ತಲೆ ದಾಖಲೆಯಿಂದ ಮಾಯವಾಯಿತು. ಆಮೇಲೆ 2017ರಲ್ಲಿ ಬಂದ, ಮನೆಮನೆಗೆ ವಿದ್ಯುತ್ ಕೊಡುವ ಕೇಂದ್ರದ ಸೌಭಾಗ್ಯ ಯೋಜನೆಯಲ್ಲಿ ದೂರದ ಮನೆಗಳಿಗೆ ಸೋಲಾರ್ ಕೊಟ್ಟರೂ ಅದು ವಿದ್ಯುತ್ ಸಂಪರ್ಕವೆಂದೇ ಎಣಿಕೆಯಾಯಿತು. ಒಮ್ಮೆ ಎಣಿಕೆಯಾದ ಮನೆಯ ಬಗ್ಗೆ ಯಾವ ಕಚೇರಿಗೂ ಅವಸರ ಉಳಿಯುವುದಿಲ್ಲ. ಹಕ್ಕು ಹಾಗೆಯೇ ಇರುತ್ತದೆ, ಆದರೆ ಕಡತ ಕೆಳಗೆ ಬೀಳುತ್ತದೆ. ಅದನ್ನು ತಡೆಯುವ ಉಪಾಯ ಸೋಲಾರನ್ನು ತಿರಸ್ಕರಿಸುವುದಲ್ಲ. ಸೋಲಾರ್ ಸ್ವೀಕರಿಸುವ ದಿನವೇ ಗ್ರಿಡ್ ಅರ್ಜಿಯನ್ನೂ ಹಾಕಿ ಸ್ವೀಕೃತಿ ಪಡೆಯುವುದು.

ಆ ಅರ್ಜಿಗೆ ನಿಮ್ಮಲ್ಲಿ ಬಲವಾದ ಆಧಾರವಿದೆ, ಹೆಚ್ಚಿನವರು ಅದನ್ನು ಬಳಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಾವೆಲ್ಲ ಜಮೀನಿನ ಕಾಯ್ದೆ ಎಂದು ಮಾತ್ರ ತಿಳಿದಿದ್ದೇವೆ. ಅದರ 3ನೇ ಪ್ರಕರಣದ 2ನೇ ಉಪಪ್ರಕರಣ, ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ ಹದಿಮೂರು ಸೌಲಭ್ಯಗಳಿಗೆ ಅರಣ್ಯ ಭೂಮಿ ಬಿಟ್ಟುಕೊಡಲು ಅವಕಾಶ ಮಾಡಿದೆ. ಆ ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕದ ಲೈನುಗಳೂ ಇವೆ, ಅಸಾಂಪ್ರದಾಯಿಕ ಇಂಧನ ಮೂಲಗಳೂ ಇವೆ. ಒಂದೊಂದು ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಇದಕ್ಕೆ ಅರಣ್ಯ ಸಂರಕ್ಷಣಾ ಕಾಯ್ದೆಯ ದೀರ್ಘ ಪ್ರಕ್ರಿಯೆ ಅಡ್ಡಬರುವುದಿಲ್ಲ. ನಿಮ್ಮ ಹಾಡಿ ರಾಷ್ಟ್ರೀಯ ಉದ್ಯಾನದ ಒಳಗಿದ್ದರೆ ವನ್ಯಜೀವಿ ಕಾಯ್ದೆಯ ಪ್ರಶ್ನೆ ಎತ್ತುತ್ತಾರೆ, ಅದು ಸುಲಭದ ಪ್ರಶ್ನೆಯಲ್ಲ. ಜೋತುಬಿದ್ದ ತಂತಿಗೆ ಆನೆಗಳು ಬಲಿಯಾಗುವುದು ಈ ಭಾಗದಲ್ಲಿ ಎಲ್ಲರಿಗೂ ತಿಳಿದ ನೋವು. ಆದ್ದರಿಂದ ಬರೀ ತಂತಿ ಬೇಡ, ಹೊದಿಕೆಯುಳ್ಳ ಕೇಬಲ್ ಅಥವಾ ನೆಲದೊಳಗಿನ ಕೇಬಲ್ ಹಾಕಿ ಎಂದು ಗ್ರಾಮಸಭೆಯೇ ಕೇಳಲಿ. ಖರ್ಚು ಹೆಚ್ಚು, ಆದರೆ ಬೇಡಿಕೆ ನ್ಯಾಯವಾಗಿರುತ್ತದೆ.

ಇಲ್ಲಿ ಗ್ರಾಮಸಭೆ ಎಂದರೆ ಪಂಚಾಯಿತಿ ಕೇಂದ್ರದಲ್ಲಿ ನಡೆಯುವ ಸಭೆಯಲ್ಲ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಾಡಿನ ಹಳೆಯ ವಸತಿಗಳು ತಮ್ಮದೇ ಗ್ರಾಮಸಭೆ ನಡೆಸಬಹುದು. ಅರ್ಧದಷ್ಟು ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದದ್ದು ಪೋಡಿನ ಮಟ್ಟದ ಇಂಥ ಸಭೆಗಳ ಬಲದಿಂದಲೇ.

ಹೆಬ್ಬೆಟ್ಟಿನ ಹೆದರಿಕೆಗೆ ಬರೋಣ. ಸೋಲಾರ್ ಪಡೆದ ಕಾರಣಕ್ಕೆ ಅರಣ್ಯ ಹಕ್ಕಿನ ಅರ್ಜಿ ಬೀಳುವುದಿಲ್ಲ. ಆ ಅರ್ಜಿಯಲ್ಲಿ ನೀವು ತೋರಿಸಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಕಾಡಿನಲ್ಲಿ ಇದ್ದೀರಿ, ಅದನ್ನು ಅವಲಂಬಿಸಿದ್ದೀರಿ ಎಂಬುದನ್ನು. ಈಗ ಬರುವ ಪ್ಯಾನೆಲ್ ಅದನ್ನು ಸಾಬೀತು ಮಾಡುವುದೂ ಇಲ್ಲ, ಸುಳ್ಳಾಗಿಸುವುದೂ ಇಲ್ಲ. ಹಕ್ಕು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎಂದು ಅದೇ ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ಪುನರ್ವಸತಿಗೆ ಬೇಕಾದದ್ದು ಗ್ರಾಮಸಭೆಯ ಮುಕ್ತ, ತಿಳಿವಳಿಕೆಯ, ಲಿಖಿತ ಒಪ್ಪಿಗೆ. ದೀಪ ತಲುಪಿದೆ ಎಂಬ ರಸೀದಿ ಅದಾಗಲಾರದು. ಹಾಗೆಂದು ಹಿರಿಯರ ಎಚ್ಚರಿಕೆಯನ್ನು ಹಗುರಾಗಿ ಕಾಣಬೇಡಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಅವರು. ನೀವು ಪದವೀಧರೆ, ಪ್ರತಿ ಮನೆಯ ಕಾಗದವನ್ನೂ ಗಟ್ಟಿಯಾಗಿ ಓದಿ ಹೇಳಿ, ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಸಹಿಯಾಗಲಿ. ಖಾಲಿ ಜಾಗ ಬಿಟ್ಟ ನಮೂನೆಗೆ, ಅಥವಾ ದೀಪ ಉರಿಯುವ ಮೊದಲೇ ‘ಅಳವಡಿಕೆ ತೃಪ್ತಿಕರವಾಗಿದೆ’ ಎಂದು ಬರೆದ ಕಾಗದಕ್ಕೆ ಯಾರೂ ಸಹಿ ಮಾಡಬಾರದು. ಎರಡನೆಯದು ತುಂಬ ಸಾಮಾನ್ಯ.

ಎಂಟು ವರ್ಷದ ಹಿಂದಿನ ದೀಪಗಳು ಏಕೆ ಆರಿದವು ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ನಿಮ್ಮ ಹಾಡಿಯ ದೀಪಗಳನ್ನು ನಾನು ನೋಡಿಲ್ಲ, ಆದರೆ ಅಂಥ ಹತ್ತಾರು ಹಾಡಿಗಳಲ್ಲಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಪೆಟ್ಟಿಗೆಯೊಳಗೆ ಇರುವೆ ಗೂಡು, ಟರ್ಮಿನಲ್ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ-ಹಸಿರು ಬೂಷ್ಟು, ನೀರು ಬತ್ತಿದ ಕೋಶಗಳು. ಪ್ಯಾನೆಲ್‌ನಿಂದ ಬರುವ ತಂತಿಯನ್ನು, ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್‌ನಿಂದ ಬಿಡಿಸಿ ನೇರವಾಗಿ ಬ್ಯಾಟರಿಗೆ ಸುತ್ತಿರುತ್ತಾರೆ, ಏಕೆಂದರೆ ಕಂಟ್ರೋಲರ್ ಮೊದಲು ಸುಟ್ಟುಹೋಯಿತು, ಹೊಸದು ಎಲ್ಲಿ ಸಿಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಂಟ್ರೋಲರ್ ಇಲ್ಲದ ಬ್ಯಾಟರಿ ಬಿಸಿಲಿನಲ್ಲಿ ಅತಿಯಾಗಿ ತುಂಬಿ ಕುದಿಯುತ್ತದೆ, ರಾತ್ರಿ ಪೂರ್ತಿ ಬರಿದಾಗುತ್ತದೆ; ಒಂದೇ ಮಳೆಗಾಲದಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಪ್ಯಾನೆಲ್ ಮಾತ್ರ ಇಪ್ಪತ್ತೈದು ವರ್ಷ ಬಾಳುವ ವಸ್ತು. ನಿಮ್ಮ ಹಳೆಯ ಪ್ಯಾನೆಲ್‌ಗಳು ಒಡೆಯದೆ ಉಳಿದಿದ್ದರೆ ಅವು ಇವತ್ತಿಗೂ ಕೆಲಸ ಮಾಡಬಹುದು, ಗುಜರಿಗೆ ಹಾಕಬೇಡಿ.

ಇನ್ನೊಂದು ಕಾರಣ ಮರದ ನೆರಳು. ಪ್ಯಾನೆಲ್‌ನೊಳಗಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿದವು. ಕೆರೆ ಹೂಳೆತ್ತುವಾಗ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಒಬ್ಬರು ನಿಂತುಬಿಟ್ಟರೆ ಇಡೀ ಸಾಲು ನಿಲ್ಲುವಂತೆ, ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಪ್ಯಾನೆಲ್‌ನ ಉತ್ಪಾದನೆ ನೆರಳಿನ ಅಳತೆಗಿಂತ ಎಷ್ಟೋ ಹೆಚ್ಚು ಕುಸಿಯುತ್ತದೆ. ಹಾಡಿಯಲ್ಲಿ ಮರ ಕಡಿಯುವಂತಿಲ್ಲ, ಕಡಿಯುವುದೂ ಬೇಡ. ಮನೆಯ ಮೇಲೆಯೇ ಪ್ಯಾನೆಲ್ ಇರಬೇಕೆಂಬ ಹಟ ಬಿಟ್ಟು, ಬಿಸಿಲು ಬೀಳುವ ಜಾಗದಲ್ಲಿ ಕಂಬ ನಿಲ್ಲಿಸಿ ಅಲ್ಲಿಂದ ದಪ್ಪ ತಂತಿ ಎಳೆದರೆ ಆಯಿತು. ಹುಲ್ಲಿನ ಅಥವಾ ಟಾರ್ಪಾಲಿನ ಸೂರು ಪ್ಯಾನೆಲ್‌ನ ಭಾರ ಹೊರುವುದೂ ಇಲ್ಲ. ಜನ್‌ಮನ್‌ನಲ್ಲೇ ಮನೆಗೆ 2.39 ಲಕ್ಷ ರೂಪಾಯಿಯ ಅನುದಾನವಿದೆ. ನಿಮ್ಮಲ್ಲಿ ಯಾರಿಗಾದರೂ ಹೊಸ ಮನೆ ಮಂಜೂರಾಗಿದ್ದರೆ ದೀಪದ ಕಂಬವನ್ನು ಹೊಸ ಮನೆಯ ಜಾಗ ನೋಡಿ ನೆಡಿಸಿ.

ಮೂರನೆಯ ಕಾರಣವನ್ನು ಯಾವ ಟೆಂಡರ್ ಕಾಗದವೂ ಗಮನಿಸುವುದಿಲ್ಲ. ನಿಮ್ಮಲ್ಲಿ ಅನೇಕ ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ ಹೋಗಿ ತಿಂಗಳುಗಟ್ಟಲೆ ಲೈನ್ ಮನೆಗಳಲ್ಲಿ ಇರುತ್ತವೆ. ಹೋಗುವಾಗ ಕಳ್ಳರ ಭಯಕ್ಕೆ ಪ್ಯಾನೆಲ್ ಇಳಿಸಿ ಒಳಗಿಟ್ಟು ಬೀಗ ಹಾಕುತ್ತಾರೆ. ಪ್ಯಾನೆಲ್ ಇಲ್ಲದ ಬ್ಯಾಟರಿ ತಾನಾಗಿಯೇ ಸೋರಿ ಸೋರಿ ಬರಿದಾಗಿ ಸಾಯುತ್ತದೆ. ಹೋಗುವಾಗ ದೀಪಗಳ ಸ್ವಿಚ್ ಆರಿಸಿ, ಪ್ಯಾನೆಲ್ ಬ್ಯಾಟರಿಗೆ ಜೋಡಿಸಿಯೇ ಇರಲಿ. ಕಾಯಲು ಉಳಿದ ಮನೆಯವರಿಗೆ ಹೇಳಿ ಹೋಗಿ. ಇಷ್ಟೇ ಸಣ್ಣ ಮಾತನ್ನು ಅಳವಡಿಸಲು ಬಂದವರು ಹೇಳದೆ ಹೋದ ಕಾರಣಕ್ಕೆ ಸತ್ತ ಬ್ಯಾಟರಿಗಳು ಎಷ್ಟೋ.

ಹಾಗಾದರೆ ಈ ಸಲ ಏನು ಕೇಳಬೇಕು? ಅಳತೆಗೋಲಾಗಿ ಸೌಭಾಗ್ಯ ಯೋಜನೆಯ ಕಿಟ್ ಇಟ್ಟುಕೊಳ್ಳಿ: 200ರಿಂದ 300 ವಾಟ್‌ನ ಪ್ಯಾನೆಲ್, ಐದು ಎಲ್‌ಇಡಿ ದೀಪ, ಒಂದು ಡಿಸಿ ಫ್ಯಾನ್, ಒಂದು ಪ್ಲಗ್, ಐದು ವರ್ಷದ ದುರಸ್ತಿ ಮತ್ತು ನಿರ್ವಹಣೆ ಅದರಲ್ಲಿತ್ತು. ಈಗ ಬರುವುದು ಅದಕ್ಕಿಂತ ಕಡಿಮೆಯಾಗಲು ಕಾರಣವಿಲ್ಲ. ಏಳು ವಾಟ್‌ನ ಐದು ದೀಪ ಐದು ಗಂಟೆ ಉರಿದರೆ 175 ವಾಟ್-ಗಂಟೆ, 25 ವಾಟ್‌ನ ಫ್ಯಾನ್ ಆರು ಗಂಟೆ ತಿರುಗಿದರೆ 150, ಎರಡು ಮೊಬೈಲಿಗೆ 20. ಒಟ್ಟು ಸುಮಾರು 345. ನೆರಳಿಲ್ಲದ ಜಾಗದಲ್ಲಿ 200 ವಾಟ್‌ನ ಪ್ಯಾನೆಲ್ ಬೇಸಗೆಯಲ್ಲಿ ಇದರ ಎರಡರಷ್ಟು ಕೊಡುತ್ತದೆ, ಜುಲೈ ತಿಂಗಳ ಮೋಡದಲ್ಲಿ ಹೆಚ್ಚುಕಡಿಮೆ ಇಷ್ಟೇ ಕೊಡುತ್ತದೆ. ಅಂದರೆ ದೀಪ, ಫ್ಯಾನ್, ಮೊಬೈಲಿಗೆ ಸಾಕು. ಮಿಕ್ಸಿ, ಇಸ್ತ್ರಿಪೆಟ್ಟಿಗೆಗೆ ಸಾಲದು. ಇದನ್ನು ಎಲ್ಲರಿಗೂ ಮೊದಲೇ ತಿಳಿಸಿ, ಇಲ್ಲವಾದರೆ ನಿರೀಕ್ಷೆಯೇ ಬ್ಯಾಟರಿಯನ್ನು ಕೊಲ್ಲುತ್ತದೆ. ಬ್ಯಾಟರಿ ಯಾವುದು ಎಂದು ಕೇಳಿ. ಲಿಥಿಯಂ ಫೆರೋ ಫಾಸ್ಫೇಟ್ ಆದರೆ ನೀರು ಹಾಕುವ ಕೆಲಸವಿಲ್ಲ, ಏಳೆಂಟು ವರ್ಷ ಬಾಳಬಹುದು. ಸೀಸ-ಆಮ್ಲದ ಬ್ಯಾಟರಿಯಾದರೆ ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ; ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು, ಮತ್ತು ಹಳೆಯದಾದರೂ ಗುಜರಿ ಬೆಲೆ ಇರುವುದರಿಂದ ಕಳ್ಳತನದ ಭಯ ಹೆಚ್ಚು.

ದೀಪ ಎಲ್ಲಿರಬೇಕು ಎಂಬುದನ್ನು ಮನೆಯ ಹೆಂಗಸರು ಹೇಳಲಿ. ಒಂದು ಹಾಡಿಯಲ್ಲಿ ಮೂರು ದೀಪಗಳನ್ನೂ ಒಳಗೆ ಹಾಕುವ ನಕ್ಷೆ ಹಿಡಿದು ನಾನೇ ಹೋಗಿದ್ದೆ. ವಯಸ್ಸಾದ ಅಜ್ಜಿಯೊಬ್ಬರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹಲಸಿನ ಮರದ ಬುಡದಲ್ಲಿ ಹಿಂದಿನ ರಾತ್ರಿ ಆನೆ ತುಳಿದ ಹೆಜ್ಜೆ ತೋರಿಸಿದರು. ಒಳಗೆ ಒಲೆಯ ಬೆಳಕು ಸಾಕು, ರಾತ್ರಿ ಮಗು ಹೊರಗೆ ಹೋಗಬೇಕೆಂದಾಗ ಬಾಗಿಲು ತೆರೆಯುವ ಮೊದಲು ಹಿತ್ತಲು ಕಾಣಬೇಕು ಎಂದರು. ಅಂದಿನಿಂದ ಒಂದು ದೀಪ ಹೊರಗೆ, ಸ್ವಿಚ್ ಒಳಗೆ ಎಂಬುದು ನನ್ನ ಕೆಲಸದ ನಿಯಮವಾಯಿತು. ಇದಕ್ಕೆ ಖರ್ಚು ನಾಲ್ಕು ಮೀಟರ್ ತಂತಿ. ಸಮುದಾಯದ ಪಾಲ್ಗೊಳ್ಳುವಿಕೆ ಎಂದು ವರದಿಗಳಲ್ಲಿ ಬರೆಯುವ ಮಾತಿನ ಅರ್ಥ ನನಗೆ ತಿಳಿದದ್ದು ಆ ಹಿತ್ತಲಿನಲ್ಲಿ.

ಈಗ ನಾನು ಮೊದಲೇ ಹೇಳಿದ ಬ್ಯಾಟರಿಯ ಹಣ. ಇದರಲ್ಲೊಂದು ಅನ್ಯಾಯವಿದೆ, ಅದನ್ನು ನಿಮ್ಮ ಗ್ರಾಮಸಭೆ ದೊಡ್ಡ ದನಿಯಲ್ಲಿ ಹೇಳಬೇಕೆಂದು ನನ್ನ ಆಸೆ. ಗ್ರಿಡ್ ಇರುವ ಊರಿನ ಮನೆಗೆ 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಗೆ ಸರ್ಕಾರ ಪ್ರತಿ ತಿಂಗಳೂ ಹಣ ಕಟ್ಟುತ್ತಿದೆ. ಮೀಟರೇ ಇಲ್ಲದ ಹಾಡಿಯ ಮನೆಗೆ ಆ ನೆರವು ಒಂದು ರೂಪಾಯಿಯೂ ಇಲ್ಲ. ಒಮ್ಮೆ ಕೊಟ್ಟ ಕಿಟ್‌ನಲ್ಲಿ ಲೆಕ್ಕ ಮುಗಿಯುತ್ತದೆ, ಬ್ಯಾಟರಿ ಸತ್ತಾಗ ಕೂಲಿಯ ಹಣದಲ್ಲಿ ಹೊಸದು ಕೊಳ್ಳಬೇಕಾದವರು ನಾಡಿನ ಅತಿ ಬಡವರು. ಗೃಹಜ್ಯೋತಿಗೆ ಸಮನಾದ ಒಂದು ಸಣ್ಣ ಮೊತ್ತವನ್ನು ಹಾಡಿಯ ಬ್ಯಾಟರಿ ನಿಧಿಗೆ ಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ. ಇದಕ್ಕೆ ಹಣದ ಮೂಲವೂ ಇದೆ: 2013ರ ಕಾಯ್ದೆಯಡಿ ರಾಜ್ಯ ಬಜೆಟ್ಟಿನಲ್ಲಿ ಪ್ರತ್ಯೇಕವಾಗಿಡುವ ಬುಡಕಟ್ಟು ಉಪಯೋಜನೆಯ ಮೊತ್ತ, ಮತ್ತು ಗ್ರಾಮ ಪಂಚಾಯಿತಿ ತನ್ನ ಸಂಪನ್ಮೂಲದಲ್ಲಿ ಪರಿಶಿಷ್ಟರಿಗಾಗಿ ತೆಗೆದಿಡುವ ಹಣ. ಕೊಡುತ್ತಾರೆ ಎಂಬ ಭರವಸೆಯನ್ನು ನಾನು ನೀಡಲಾರೆ. ಕೇಳದೆ ಕೊಟ್ಟದ್ದನ್ನಂತೂ ಕಂಡಿಲ್ಲ.

ಅದಕ್ಕಾಗಿ ಕಾಯದೆ ನಿಮ್ಮ ನಿಧಿಯನ್ನು ಆರಂಭಿಸಿ. ಮನೆಗೆ ಬೇಕಾದ ಅಳತೆಯ ಲಿಥಿಯಂ ಬ್ಯಾಟರಿಗೆ ಇವತ್ತು ಹತ್ತು ಸಾವಿರದ ಆಸುಪಾಸು ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 100 ರೂಪಾಯಿಯಂತೆ 38 ಮನೆಗಳಿಂದ ವರ್ಷಕ್ಕೆ 45,600 ರೂಪಾಯಿ ಸೇರುತ್ತದೆ, ಏಳು ವರ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಮೇಣದಬತ್ತಿ, ಟಾರ್ಚಿನ ಸೆಲ್, ಮೊಬೈಲ್ ಚಾರ್ಜಿಗೆ ಪೇಟೆಗೆ ಹೋಗುವ ಖರ್ಚು ಈಗ ಎಷ್ಟಾಗುತ್ತಿದೆ ಎಂದು ಮನೆಮನೆಯಲ್ಲಿ ಕೇಳಿ ನೋಡಿ, ಈ ನೂರು ರೂಪಾಯಿ ಅದಕ್ಕಿಂತ ಹೆಚ್ಚಿರಲಾರದು. ಆದರೆ ಅಪಾಯವನ್ನೂ ಹೇಳಬೇಕು. ತೋಟಕ್ಕೆ ಹೋದ ತಿಂಗಳುಗಳಲ್ಲಿ ಕಂತು ನಿಲ್ಲುತ್ತದೆ, ಒಬ್ಬರು ನಿಲ್ಲಿಸಿದರೆ ಎಲ್ಲರೂ ನಿಲ್ಲಿಸುತ್ತಾರೆ, ಹಣ ಒಬ್ಬರ ಕೈಯಲ್ಲಿದ್ದರೆ ಜಗಳವಾಗುತ್ತದೆ. ಆದ್ದರಿಂದ ತಿಂಗಳ ಕಂತಿಗಿಂತ ಕಾಫಿ ಕೊಯ್ಲಿನ ಕೂಲಿ ಕೈಗೆ ಬಂದಾಗ ಮತ್ತು ಜೇನು ಮಾರಿದಾಗ ವರ್ಷಕ್ಕೆ ಎರಡು ಸಲ ಕೊಡುವ ಕ್ರಮ ಉತ್ತಮ. ಹಣ ಮಹಿಳಾ ಸ್ವಸಹಾಯ ಸಂಘದ ಖಾತೆಯಲ್ಲಿರಲಿ, ತೆಗೆಯಲು ಇಬ್ಬರ ಸಹಿ ಬೇಕಾಗಿರಲಿ. ಸೋಲಾರ್ ದೀಪಕ್ಕೆ ಬಡವರಿಗೂ ಬ್ಯಾಂಕ್ ಸಾಲ ಕೊಡಿಸಬಹುದು ಎಂದು 1995ರಲ್ಲಿ ಆರಂಭವಾದ ಸೆಲ್ಕೋ ಎಂಬ ಸೋಲಾರ್ ಕಂಪನಿ ತೋರಿಸಿದ್ದು ನಮ್ಮ ನಾಡಿನಲ್ಲೇ. ಕಂತಿನ ಹಣದಲ್ಲಿ ದೀಪ ಕೊಂಡ ಮನೆಯವರು ಅದು ಕೆಟ್ಟರೆ ಮರುದಿನವೇ ವಿಚಾರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಕೆಲಸ ಗೊತ್ತಿರುವ ಕೈ ಹಾಡಿಯೊಳಗೇ ಇರಬೇಕು. ಸೋಲಾರ್ ಕೆಲಸ ಕಲಿಸುವ ಕೇಂದ್ರದ ಸೂರ್ಯಮಿತ್ರ ತರಬೇತಿ ಉಚಿತ, ವಸತಿ ಸಹಿತ, ಆದರೆ ಐಟಿಐ ಅಥವಾ ಡಿಪ್ಲೊಮಾ ಓದಿರಬೇಕು ಎಂಬ ಷರತ್ತು ಹಾಡಿಯ ಹೆಚ್ಚಿನ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಂಥ ಓದು ಮುಗಿಸಿದ ಒಬ್ಬರಿದ್ದರೂ ಕಳಿಸಿ. ಇಲ್ಲದಿದ್ದರೆ, ಗುತ್ತಿಗೆದಾರರು ಅಳವಡಿಸುವ ದಿನಗಳಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಅವರ ಜೊತೆ ಕೂಲಿ ಪಡೆದು ಕೆಲಸ ಮಾಡಬೇಕು, ಕೊನೆಯಲ್ಲಿ ಅವರಿಗೆ ಮಲ್ಟಿಮೀಟರ್, ಎರಡು ಕಂಟ್ರೋಲರ್, ನಾಲ್ಕು ಫ್ಯೂಸ್, ಬಿಡಿ ದೀಪಗಳ ಪೆಟ್ಟಿಗೆಯೊಂದನ್ನು ಬಿಟ್ಟು ಹೋಗಬೇಕು ಎಂದು ಗ್ರಾಮಸಭೆ ಷರತ್ತು ಹಾಕಲಿ. ಫ್ಯೂಸ್ ಬದಲಿಸುವುದು, ಟರ್ಮಿನಲ್ ಉಜ್ಜಿ ವ್ಯಾಸಲೀನ್ ಸವರುವುದು, ವೋಲ್ಟೇಜ್ ನೋಡುವುದು ಮೂರು ದಿನದಲ್ಲಿ ಕಲಿಯಬಹುದಾದ ಕೆಲಸಗಳು. ಹೆಚ್ಚಿನ ದೂರುಗಳು ಅಲ್ಲೇ ಮುಗಿಯುತ್ತವೆ.

ಮನೆಗೊಂದು ಕಿಟ್ ಬದಲು ಇಡೀ ಹಾಡಿಗೆ ಒಂದೇ ಸೋಲಾರ್ ಘಟಕ ಹಾಕಿ ತಂತಿ ಎಳೆಯುವುದು ಒಳ್ಳೆಯದಲ್ಲವೇ ಎಂದು ಯಾರಾದರೂ ಸೂಚಿಸಬಹುದು. ಮನೆಗಳು ಒತ್ತಾಗಿದ್ದು, ಹಿಟ್ಟಿನ ಗಿರಣಿಯಂಥ ಹಗಲಿನ ಬಳಕೆ ಇದ್ದರೆ ಅದು ಚೆನ್ನ. ಚದುರಿದ ಮನೆಗಳ ಹಾಡಿಯಲ್ಲಿ, ಆನೆ ದಾಟುವ ಜಾಗದಲ್ಲಿ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಒಂದು ಇನ್ವರ್ಟರ್ ಕೆಟ್ಟರೆ 38 ಮನೆಯೂ ಕತ್ತಲು. ಅದರ ಬದಲು ಮನೆಗಳಿಗೆ ಕಿಟ್, ಜೊತೆಗೆ ಅಂಗನವಾಡಿ ಅಥವಾ ಬಹೂಪಯೋಗಿ ಕೇಂದ್ರದ ಮೇಲೆ ಸ್ವಲ್ಪ ದೊಡ್ಡ ಘಟಕ ಕೇಳಿ. ಮಕ್ಕಳ ಓದು, ಜೇನು ಸೋಸುವ ಯಂತ್ರ ಅಲ್ಲಿ ನಡೆಯಲಿ. ಚಾವಣಿಯ ಮೇಲಿನ ಸೋಲಾರಿಗೆಂದು ಇರುವ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನದ ಬಗ್ಗೆಯೂ ಕೇಳಿರುತ್ತೀರಿ. ಅದು ಗ್ರಿಡ್ ಸಂಪರ್ಕವಿರುವ ಮನೆಗೆ ಮಾತ್ರ, ಸದ್ಯಕ್ಕೆ ನಿಮ್ಮದಲ್ಲ.

ಬಾಡಿಗೆ ಕೊಡುತ್ತೇವೆ ಎಂದವರಿಗೆ ಇಲ್ಲ ಎಂದು ಹೇಳಿ. ಅರಣ್ಯ ಹಕ್ಕಿನಲ್ಲಿ ಸಿಕ್ಕ ಭೂಮಿ ಮಕ್ಕಳಿಗೆ ಹೋಗುತ್ತದೆ, ಆದರೆ ಪರಭಾರೆ ಮಾಡುವಂತಿಲ್ಲ, ವರ್ಗಾಯಿಸುವಂತಿಲ್ಲ. ಸಮುದಾಯ ಅರಣ್ಯ ಇರುವುದು ಕಾಪಾಡಲು ಮತ್ತು ಅದರ ಕಿರು ಉತ್ಪನ್ನ ಬಳಸಲು. ಮೇಲೆ ಹೇಳಿದ ಒಂದು ಹೆಕ್ಟೇರಿನ ಅವಕಾಶ ಸರ್ಕಾರ ನಿರ್ವಹಿಸುವ ಸೌಲಭ್ಯಕ್ಕೆ, ಕಂಪನಿಯ ವ್ಯಾಪಾರಕ್ಕಲ್ಲ. ನಿಮ್ಮ ಅರ್ಜಿ ಇನ್ನೂ ಬಾಕಿಯಿರುವಾಗ ಇಂಥ ಕರಾರಿಗೆ ಸಹಿ ಮಾಡಿದರೆ, ಸೋಲಾರ್ ದೀಪದಿಂದ ಬಾರದ ತೊಂದರೆ ಇದರಿಂದ ನಿಜವಾಗಿಯೂ ಬರಬಹುದು.

ಗ್ರಾಮಸಭೆಯ ಠರಾವನ್ನು ಹೀಗೆ ಬರೆಯಬಹುದು: ‘ನಮ್ಮ ಹಾಡಿಯ 38 ಮನೆಗಳಿಗೆ ಜನ್‌ಮನ್ ಯೋಜನೆಯ ಸೋಲಾರ್ ವ್ಯವಸ್ಥೆಯನ್ನು ಸ್ವೀಕರಿಸುತ್ತೇವೆ. ಇದನ್ನು ಗ್ರಿಡ್ ಸಂಪರ್ಕಕ್ಕೆ ಬದಲಿ ಎಂದು ಪರಿಗಣಿಸಬಾರದು. 2006ರ ಕಾಯ್ದೆಯ ಪ್ರಕರಣ 3(2)ರಡಿ ವಿದ್ಯುತ್ ಲೈನಿಗೆ ಈ ಸಭೆ ಶಿಫಾರಸು ಮಾಡುತ್ತದೆ. ಈ ಸ್ವೀಕಾರವು ಯಾವುದೇ ಅರಣ್ಯ ಹಕ್ಕನ್ನು ಬಿಟ್ಟುಕೊಟ್ಟಂತೆ ಅಥವಾ ಸ್ಥಳಾಂತರಕ್ಕೆ ಒಪ್ಪಿದಂತೆ ಅಲ್ಲ. ನಿರ್ವಹಣೆಯ ಅವಧಿ, ಬ್ಯಾಟರಿಯ ವಾರಂಟಿ, ದೂರು ಕೊಡಬೇಕಾದ ದೂರವಾಣಿ ಸಂಖ್ಯೆಯನ್ನು ಪ್ರತಿ ಮನೆಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಳಿಸಲಾಗದಂತೆ ಬರೆಯಬೇಕು.’ ಇದರ ಪ್ರತಿಗಳನ್ನು ಬುಡಕಟ್ಟು ಅಭಿವೃದ್ಧಿ ಕಚೇರಿ, ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ, ವಲಯ ಅರಣ್ಯಾಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಈ ನಾಲ್ವರಿಗೂ ಕೊಟ್ಟು ಮೊಹರು ಹಾಕಿಸಿದ ಸ್ವೀಕೃತಿ ಇಟ್ಟುಕೊಳ್ಳಿ.

ಸರ್ವೆ ತಂಡ ಬರುವ ಮೊದಲು ಒಂದು ದಿನ ನೀವೂ ಹಾಡಿಯ ಮಕ್ಕಳೂ ಸೇರಿ ಪ್ರತಿ ಮನೆಯ ಸುತ್ತ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರು ಗಂಟೆಗೆ ನೆರಳು ಬೀಳದ ಜಾಗ ಯಾವುದೆಂದು ನೋಡಿ ಅಲ್ಲೊಂದು ಗೂಟ ಹೊಡೆಯಿರಿ. ಬಿಸಿಲು ದಕ್ಷಿಣಕ್ಕೆ ವಾಲುವ ನವೆಂಬರ್-ಡಿಸೆಂಬರಿನಲ್ಲಿ ಮರದ ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ, ಆದ್ದರಿಂದ ಗೂಟದ ದಕ್ಷಿಣ ದಿಕ್ಕಿನಲ್ಲಿ ದೊಡ್ಡ ಮರ ಇರದಂತೆ ನೋಡಿಕೊಳ್ಳಿ. ತಂಡದವರು ಬಂದಾಗ ಅವರು ಜಾಗ ಹುಡುಕುವ ಮೊದಲು ನೀವೇ ಅವರನ್ನು ಗೂಟದಿಂದ ಗೂಟಕ್ಕೆ ಕರೆದುಕೊಂಡು ಹೋಗಿ.